ಮೈಸೂರಿನ ಮಹಡಿಯಿಂದ ಷಿಕಾಗೋದ ನೆಲಮಾಳಿಗೆಗೆ

ನಮ್ಮ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳು ಇಂದು ದೂರದ ಊರುಗಳಲ್ಲಿ, ದೇಶಗಳಲ್ಲಿ ದುಡಿಯುತ್ತಿದ್ದಾರೆ. ಹಾಗೆ ಹೋದವರು ಇಲ್ಲಿಂದ ಏನನ್ನು ಜೊತೆಗೆ ಒಯ್ದರು ಎಂದು ಯೋಚಿಸುವಾಗ ನನಗೆ ಎ.ಕೆ. ರಾಮಾನುಜನ್ ನೆನಪಾಗುತ್ತಾರೆ.

ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಮೈಸೂರಿನಲ್ಲಿ. ಅವರ ಮನೆಯಲ್ಲಿ ಒಂದೊಂದು ಭಾಷೆಗೆ ಒಂದೊಂದು ಜಾಗ. ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷ್, ಕೆಳಗೆ ತಾಯಿಯೊಡನೆ ತಮಿಳು, ಬೀದಿಗಿಳಿದರೆ ಕನ್ನಡ. ತಂದೆ ಗಣಿತದ ಪ್ರಾಧ್ಯಾಪಕರು. ಖಗೋಳಶಾಸ್ತ್ರವನ್ನೂ ಬಲ್ಲವರು, ಜ್ಯೋತಿಷ್ಯವನ್ನೂ ನಂಬಿದವರು. ಹೊಸದಾಗಿ ವಿಜ್ಞಾನದ ಹುಚ್ಚು ಹಿಡಿದಿದ್ದ ಮಗನಿಗೆ ಇದು ಒಗಟಾಗಿತ್ತು. ನೆಪ್ಚೂನ್, ಪ್ಲೂಟೊ ಸಿಕ್ಕ ಮೇಲೆ ನಿಮ್ಮ ನವಗ್ರಹಗಳ ಗತಿಯೇನು ಎಂದು ಕೇಳಿದರೆ, ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿಕೊಂಡರಾಯಿತು ಎಂಬಂತೆ ತಂದೆ ಉತ್ತರಿಸಿದರಂತೆ! ಮಗ ಮುಂದೆ ಪ್ರೌಢ ಪ್ರಬಂಧವೊಂದರಲ್ಲಿ ಇದನ್ನು ಪ್ರೀತಿಯಿಂದಲೇ ನೆನೆದಿದ್ದಾರೆ.

ಮಹಾರಾಜ ಕಾಲೇಜಿನಲ್ಲಿ ಓದಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರು ಆ ಸೀಮೆಯ ಹೆಂಗಸರು ಹೇಳುತ್ತಿದ್ದ ಕಥೆಗಳನ್ನು ಬರೆದುಕೊಂಡರು. ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟ 'ಹಂಚಿ'ಯ ಕಥೆ ಅವುಗಳಲ್ಲೊಂದು. ಅಜ್ಜಿಕಥೆಯೆಂದರೆ ಮೂಗು ಮುರಿಯುವ ವಿದ್ಯಾವಂತರಿಗೆ ಆಗ ಕೊರತೆಯಿರಲಿಲ್ಲ, ಈಗಲೂ ಇಲ್ಲ.

1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. 1962ರಲ್ಲಿ ಷಿಕಾಗೋದಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋದ ಹೊಸತರಲ್ಲಿ, ಒಂದು ಶನಿವಾರ, ಹಳೆಯ ತಮಿಳು ವ್ಯಾಕರಣ ಹುಡುಕುತ್ತ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಕೈಗೆ ಬಂದದ್ದು ಯು.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ 'ಕುರುಂತೊಗೈ'. ಸುಮಾರು 2,000 ವರ್ಷ ಹಿಂದಿನ ಪ್ರೇಮಕವಿತೆಗಳು. ತಾಯಿಯ ಭಾಷೆಯಲ್ಲೇ ಇದ್ದರೂ ಅದುವರೆಗೆ ಅವರಿಗೆ ಅಪರಿಚಿತ. ಕಪಾಟುಗಳ ನಡುವೆ ನೆಲದ ಮೇಲೆಯೇ ಕುಳಿತು ಪುಟ ತಿರುವಿದರಂತೆ. ಅಲ್ಲಿಂದ ಮೊದಲಾದ ಅನುವಾದದ ಕೆಲಸ ಬದುಕಿಡೀ ನಡೆಯಿತು. 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳು ಅವರ ಇಂಗ್ಲಿಷಿನಲ್ಲಿ ಲೋಕ ಸುತ್ತಿದವು.

ಪರದೇಶದಲ್ಲಿದ್ದೂ ಕನ್ನಡ ಬಿಡಲಿಲ್ಲ ಎಂಬುದಷ್ಟೇ ಅಲ್ಲ, ಕನ್ನಡದಲ್ಲಿ ಅವರು ಹೊಸದಾಗಿಯೇ ಬರೆದರು. 'ಹೊಕ್ಕುಳಲ್ಲಿ ಹೂವಿಲ್ಲ' ಬಂದದ್ದು 1969ರಲ್ಲಿ, 'ಕುಂಟೋಬಿಲ್ಲೆ' 1990ರಲ್ಲಿ. ನಮ್ಮ ಹುಡುಗಿಯರು ಅಂಗಳದಲ್ಲಿ ಆಡುವ ಆಟದ ಹೆಸರನ್ನು ಕವನ ಸಂಕಲನಕ್ಕಿಡಲು ಷಿಕಾಗೋದಲ್ಲಿದ್ದವರಿಗೆ ಹೊಳೆಯಿತು.

ಕಥೆಗಳೂ ತಿರುಗಿ ಬಂದವು. ಕರ್ನಾಟಕದ ಎರಡು ಜನಪದ ಕಥೆಗಳನ್ನು ರಾಮಾನುಜನ್ ಬಾಯಿಂದ ಕೇಳಿದ ಗಿರೀಶ ಕಾರ್ನಾಡರು ಅವುಗಳಿಂದ 'ನಾಗಮಂಡಲ' ನಾಟಕ ಬರೆದರು. ರಾಮಾನುಜನ್ 1993ರ ಜುಲೈಯಲ್ಲಿ ಷಿಕಾಗೋದಲ್ಲೇ ತೀರಿಕೊಂಡರು. ಅವರು ಕೂಡಿಟ್ಟಿದ್ದ ಕನ್ನಡದ ಕಥೆಗಳು 1997ರಲ್ಲಿ ಅಮೆರಿಕದಲ್ಲಿ ಪುಸ್ತಕವಾಗಿ ಬಂದವು. ಹೂಗಿಡವಾಗಬಲ್ಲ ಹುಡುಗಿಯೊಬ್ಬಳ ಕಥೆಯೇ ಆ ಪುಸ್ತಕಕ್ಕೆ ಹೆಸರು ಕೊಟ್ಟಿದೆ.