72 ಕರೆಗಳ ಅಂತರ

2007ರ ಮೇ ತಿಂಗಳು, ಬಿಇ ಎರಡನೇ ಸೆಮಿಸ್ಟರು. ಇಂಟರ್ನಲ್ಸ್ ತಲೆ ಮೇಲಿದ್ದರೂ ಹಾಸ್ಟೆಲಿನ ಏಳು ಜನ ಕೆಂಪು ಬಸ್ಸು ಹತ್ತಿ ಮೈಸೂರಿಗೆ ಹೋಗಿ ‘ಸ್ಪೈಡರ್‌ಮ್ಯಾನ್ 3’ ನೋಡಿಕೊಂಡು ಬಂದೆವು. ಸಿನಿಮಾ ಯಾರಿಗೂ ಪೂರ್ತಿ ಹಿಡಿಸಲಿಲ್ಲ. ಆದರೂ ರಾತ್ರಿ ಎರಡು ಗಂಟೆಯವರೆಗೆ ಟೆರೇಸಿನ ಮೇಲೆ ಮಾತೋ ಮಾತು. ನೋಡಿದ ಸಿನಿಮಾದ ಬಗ್ಗೆ ಹತ್ತು ನಿಮಿಷ, ಬರಬೇಕಾದ ಸಿನಿಮಾದ ಬಗ್ಗೆ ಮೂರು ಗಂಟೆ.

“ಲೇ, ಆ ಒಂದ್ ಕೈ ಇಲ್ಲದ ಮೇಷ್ಟ್ರನ್ನ ನೋಡಿದ್ರೇನ್ರಲೇ? ಮುಂದಿನ ಪಾರ್ಟ್‌ನಾಗ ಅವನೇ ಹಲ್ಲಿ ಆಗ್ತಾನೆ. ಬರ್ದಿಟ್ಕಳ್ರಿ” ಅಂದ ದಾವಣಗೆರೆ ಕಡೆಯ ರೂಮ್‌ಮೇಟು.

“ಹಲ್ಲಿ ಅಂದ್ರೆ ಗೋಡೆ ಮೇಲಿರೋದು ಕಣೋ. ಆ ಸೈಜಿಗೆ ಉಡ ಅನ್ಬೇಕು” ಅಂದೆ. ನಾನು ಹೊಲದ ಬದುವಿನಲ್ಲಿ ಉಡ ನೋಡಿ ಬೆಳೆದವನು.

ಮೇಷ್ಟ್ರು ಅಂದರೆ ಡಾಕ್ಟರ್ ಕರ್ಟ್ ಕಾನರ್ಸ್. ಸ್ಯಾಮ್ ರೈಮಿ ನಿರ್ದೇಶಿಸಿದ ಎರಡನೇ ಭಾಗದಲ್ಲೂ ಮೂರನೇ ಭಾಗದಲ್ಲೂ ಡಿಲನ್ ಬೇಕರ್ ಅನ್ನೋ ನಟ ಆ ಪಾತ್ರ ಮಾಡಿದ್ದ. ಕಾಮಿಕ್ಸ್‌ನಲ್ಲಿ ಈ ಕಾನರ್ಸ್ ಕಳೆದುಕೊಂಡ ಕೈಯನ್ನು ಮತ್ತೆ ಬೆಳೆಸಿಕೊಳ್ಳಲು ಹೋಗಿ ಲಿಜರ್ಡ್ ಆಗಿಬಿಡುತ್ತಾನೆ. ರೂಮ್‌ಮೇಟು ಇದನ್ನೆಲ್ಲ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಓದಿಕೊಂಡು ಬಂದಿದ್ದ. ಎರಡು ಸಿನಿಮಾದಲ್ಲಿ ಸುಮ್ಮನೆ ಪಾಠ ಮಾಡಿಸಿದ್ದಾರೆ ಅಂದರೆ ಮೂರನೆಯದಕ್ಕೆ ಇಟ್ಟುಕೊಂಡಿದ್ದಾರೆ ಅಂತಲೇ ಅಲ್ವಾ? ಲಾಜಿಕ್ ಸರಿಯಾಗೇ ಇತ್ತು. ಆದರೆ ಆ ಉಡ ಬರಲೇ ಇಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ಈ ‘ಮುಂದೇನು’ ಅನ್ನೋ ಕಾಯಿಲೆಯ ಹಳೇ ಫೈಲು ಸ್ವಲ್ಪ ತೆಗೀಬೇಕು.

ನಮ್ಮೂರಲ್ಲಿ ಈ ಕಾಯಿಲೆ ಇರಲಿಲ್ಲ. ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡಿದರೆ ದುರ್ಯೋಧನ ಸಾಯ್ತಾನೆ ಅಂತ ಚಾಪೆ ಹಾಸಿಕೊಂಡು ಮಲಗಿದ ಮಗುವಿಗೂ ಗೊತ್ತು. ಜಗಳವೆಲ್ಲ ಪಾರ್ಟು ಯಾರಿಗೆ ಅನ್ನೋದರ ಮೇಲೆ. ಅಮೆರಿಕದಲ್ಲಿ ಆ ಜಗಳವೂ ಇದೆ, ಬೇಕಾದಷ್ಟಿದೆ. 1989ರ ‘ಬ್ಯಾಟ್‌ಮ್ಯಾನ್’ಗೆ ಕಾಮಿಡಿ ನಟ ಮೈಕೆಲ್ ಕೀಟನ್‌ನನ್ನು ಆರಿಸಿದಾಗ ಸ್ಟುಡಿಯೋಗೆ ಸುಮಾರು 50,000 ವಿರೋಧದ ಪತ್ರಗಳು ಬಂದವು ಅಂತ ಹೇಳ್ತಾರೆ. ಆಮೇಲೆ ಅದೇ ಕೀಟನ್‌ನನ್ನು ಜನ ತಲೆ ಮೇಲೆ ಹೊತ್ತುಕೊಂಡರು. ಹೀತ್ ಲೆಡ್ಜರ್‌ನನ್ನು ಜೋಕರ್ ಮಾಡಿದಾಗಲೂ ಹಾಗೇ ಆಯ್ತು. ಅದನ್ನು ಬಿಡಿ. ನನ್ನನ್ನು ಕಾಡೋದು ಅದಕ್ಕೆ ಒಂದು ವರ್ಷ ಹಿಂದಿನ, ನಾನು ಹುಟ್ಟಿದ ವರ್ಷದ ಕಥೆ.

1988ರ ಹೊತ್ತಿಗೆ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಮೊದಲ ರಾಬಿನ್ ಹೋಗಿ ಜೇಸನ್ ಟಾಡ್ ಎಂಬ ಎರಡನೇ ರಾಬಿನ್ ಬಂದಿದ್ದ. ಸಿಡುಕ, ಹೇಳಿದ ಮಾತು ಕೇಳದ ಹುಡುಗ. ಓದುಗರಲ್ಲಿ ಬಹಳ ಜನಕ್ಕೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಸಂಪಾದಕ ಡೆನ್ನಿಸ್ ಓ’ನೀಲ್ ಒಂದು ಉಪಾಯ ಮಾಡಿದ. 427ನೇ ಸಂಚಿಕೆಯಲ್ಲಿ ಜೋಕರ್ ಆ ಹುಡುಗನನ್ನು ಹಾರೆಯಲ್ಲಿ ಬಡಿಯುತ್ತಾನೆ, ಬಾಂಬ್ ಸಿಡಿಯುತ್ತದೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಜೊತೆಗೆ ಎರಡು ಫೋನ್ ನಂಬರು. ಹುಡುಗ ಬದುಕಬೇಕು ಅಂದರೆ ಒಂದು, ಸಾಯಬೇಕು ಅಂದರೆ ಇನ್ನೊಂದು. ಒಂದು ಕರೆಗೆ 50 ಸೆಂಟ್. ಸೆಪ್ಟೆಂಬರ್ 15 ಮತ್ತು 16, ಎರಡು ದಿನ ಸಮಯ.

ಸಾಯಲಿ ಅಂದವರ ಕರೆ 5,343. ಬದುಕಲಿ ಅಂದವರ ಕರೆ 5,271. ಅಂತರ 72. ಹುಡುಗ ಸತ್ತ.

ಆಗ ನಮ್ಮೂರಲ್ಲಿ ಒಂದೇ ಒಂದು ಫೋನು ಇರಲಿಲ್ಲ. ಯಾರಾದರೂ ತೀರಿಕೊಂಡರೆ ನೆಂಟರಿಗೆ ತಿಳಿಸೋಕೆ ಒಬ್ಬ ಸೈಕಲ್ ಹತ್ತಬೇಕಿತ್ತು. ಅಲ್ಲಿ ಫೋನಿನಲ್ಲೇ ಸಾವು ತೀರ್ಮಾನ ಆಗ್ತಿತ್ತು ನೋಡಿ.

ಕಥೆ ಅಲ್ಲಿಗೆ ಮುಗಿಯಲ್ಲ. ಯಾವನೋ ಒಬ್ಬ ತನ್ನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು, ಸಾಯಿಸೋ ನಂಬರಿಗೆ 90 ಸೆಕೆಂಡಿಗೊಂದರಂತೆ ಎಂಟು ಗಂಟೆ ಕಾಲ ಕರೆ ಮಾಡಿಸಿದ್ದ ಅಂತ ಕೇಳಿದ್ದೇನೆ ಎಂದು ಓ’ನೀಲ್ ಮುಂದೆ ಹೇಳಿಕೊಂಡ. ಇದು ಅವನ ಕಿವಿಗೆ ಬಿದ್ದ ಮಾತು, ಸಾಕ್ಷಿ ಏನಿಲ್ಲ. ಆದರೆ ಎಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಲೆಕ್ಕ ಹಾಕಿದೆ. ಗಂಟೆಗೆ 40 ಕರೆ, ಎಂಟು ಗಂಟೆಗೆ 320. ಖರ್ಚು 160 ಡಾಲರ್. ಬೇಕಾಗಿದ್ದದ್ದು ಬರೀ 73. ಅದು ನಿಜವಾಗಿದ್ದರೆ, ‘ಓದುಗರ ತೀರ್ಪು’ ಅಂತ ಚರಿತ್ರೆಯಲ್ಲಿ ದಾಖಲಾಗಿರೋದು ಒಂದು ಫಾರ್ ಲೂಪು.

ಆ ಲೂಪಿನ ವಿಷಯಕ್ಕೆ ಮತ್ತೆ ಬರಬೇಕು. ಬರೋಕೆ ಮನಸ್ಸಿಲ್ಲ, ಆದರೂ ಬರ್ತೀನಿ.

ಅದಕ್ಕೂ ಮೊದಲು, ಕಾಯೋದು ಅಂದರೇನು ಅಂತ ತೋರಿಸಿಕೊಟ್ಟ ‘ಸೂಪರ್‌ಮ್ಯಾನ್ 2’ ಅಭಿಮಾನಿಗಳನ್ನು ನೆನೆಯಬೇಕು. ರಿಚರ್ಡ್ ಡಾನರ್ ಮೊದಲ ಎರಡು ಭಾಗಗಳನ್ನು ಒಟ್ಟಿಗೇ ಚಿತ್ರೀಕರಿಸುತ್ತಿದ್ದ. ಎರಡನೆಯದರ ಬಹುಪಾಲು ಮುಗಿದಿತ್ತು. ಮೊದಲನೆಯದು 1978ರ ಡಿಸೆಂಬರಿನಲ್ಲಿ ಬಂದು ಭರ್ಜರಿಯಾಗಿ ಓಡಿತು. ಆದರೆ ನಿರ್ಮಾಪಕರಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅವನನ್ನು ತೆಗೆದು ರಿಚರ್ಡ್ ಲೆಸ್ಟರ್‌ನನ್ನು ಕರೆತಂದರು. ಲೆಸ್ಟರ್ ಎಷ್ಟೋ ದೃಶ್ಯಗಳನ್ನು ಹೊಸದಾಗಿ ತೆಗೆದ. ಅಪ್ಪನ ಪಾತ್ರದ ಮಾರ್ಲನ್ ಬ್ರಾಂಡೋ ದುಡ್ಡಿನ ತಗಾದೆಯಿಂದಾಗಿ ಎರಡನೇ ಭಾಗದಿಂದ ಪೂರ್ತಿ ಮಾಯ. ಮಗನಿಗೆ ಬುದ್ಧಿ ಹೇಳೋ ಕೆಲಸ ಅಮ್ಮನ ಪಾಲಾಯಿತು.

1984ರಲ್ಲಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಈ ಸಿನಿಮಾ ಬಂದಾಗ, ಥಿಯೇಟರಿನಲ್ಲಿ ಇಲ್ಲದಿದ್ದ ಒಂದಿಷ್ಟು ದೃಶ್ಯಗಳೂ ಬಂದವು. ಡಾನರ್ ತೆಗೆದದ್ದು ಎಲ್ಲೋ ಇದೆ ಅನ್ನೋ ಗುಮಾನಿ ಗಟ್ಟಿಯಾಯ್ತು. ಜನ ವಿಎಚ್‌ಎಸ್ ಟೇಪಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೈಯಿಂದ ಕೈಗೆ ದಾಟಿಸಿ, ಯಾವ ಶಾಟು ಯಾರದ್ದು ಅಂತ ಹುಡುಕುತ್ತಾ ಕೂತರು. ವರ್ಷಗಟ್ಟಲೆ ಪತ್ರ ಬರೆದರು. ಕೊನೆಗೆ ‘ಡಾನರ್ ಕಟ್’ ಡಿವಿಡಿಯಾಗಿ ಬಂದಿದ್ದು 2006ರ ನವೆಂಬರಿನಲ್ಲಿ. ಬ್ರಾಂಡೋ ವಾಪಸ್ ಬಂದಿದ್ದ. ಆದರೆ ಬ್ರಾಂಡೋನೂ, ಸೂಪರ್‌ಮ್ಯಾನ್ ಕ್ರಿಸ್ಟಫರ್ ರೀವ್‌ನೂ 2004ರಲ್ಲೇ ತೀರಿಕೊಂಡಿದ್ದರು.

ಆ ಸಿನಿಮಾದ ಒಂದು ದೃಶ್ಯವನ್ನು ಡಾನರ್ ಚಿತ್ರೀಕರಿಸಿಯೇ ಇರಲಿಲ್ಲ. ಕ್ಲಾರ್ಕೇ ಸೂಪರ್‌ಮ್ಯಾನ್ ಅಂತ ಸಾಬೀತು ಮಾಡಲು ಲೋಯಿಸ್ ಅವನಿಗೆ ಗುಂಡು ಹೊಡೆಯುವ ದೃಶ್ಯ. ಬೇರೆ ದಾರಿಯಿಲ್ಲದೆ ಇಬ್ಬರ ಸ್ಕ್ರೀನ್ ಟೆಸ್ಟಿನ ತುಣುಕುಗಳನ್ನೇ ಜೋಡಿಸಿದರು. ಒಂದು ಶಾಟಿನಲ್ಲಿ ರೀವ್ ಇನ್ನೂ ಮೈಕಟ್ಟು ಬೆಳೆಸಿರದ ಸಣಕಲ ಹುಡುಗ, ಮುಂದಿನ ಶಾಟಿನಲ್ಲಿ ತುಂಬಿದ ಮೈ, ಕೂದಲೂ ಬೇರೆ. ತೇಪೆ ಎದ್ದು ಕಾಣುತ್ತೆ. ನಾನು ಅದನ್ನು ನೋಡಿದಾಗ ನಗು ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ.

ಈಗ ನಮ್ಮ ಉಡಕ್ಕೆ ಬರೋಣ. ಮೂರನೇ ಭಾಗ ಕೆಟ್ಟಿದ್ದಕ್ಕೆ ಕಾರಣ ಅಭಿಮಾನಿಗಳ ಆಸೆಯೇ ಅಂದರೆ ನಮಗೆ ಬೇಜಾರಾಗುತ್ತೆ, ಆದರೆ ಅದರಲ್ಲಿ ನಿಜ ಇದೆ. ವೆನಮ್ ಅನ್ನೋ ಖಳ ರೈಮಿಗೆ ಇಷ್ಟವಿರಲಿಲ್ಲ. ಜನಕ್ಕೆ ಅವನು ಬೇಕು, ಹಾಕು ಅಂತ ನಿರ್ಮಾಪಕ ಆವಿ ಅರಾದ್ ಪಟ್ಟು ಹಿಡಿದ. ರೈಮಿ ಹಾಕಿದ. ಮನಸ್ಸಿಲ್ಲದೆ ಮಾಡಿದ ಅಡುಗೆ ಹೇಗಿರುತ್ತೋ ಹಾಗಿತ್ತು. ನಾಲ್ಕನೇ ಭಾಗಕ್ಕೆ 2011ರ ಮೇ 6 ಅಂತ ದಿನಾಂಕವೂ ಗೊತ್ತಾಗಿತ್ತು. ಜಾನ್ ಮಾಲ್ಕೊವಿಚ್ ‘ವಲ್ಚರ್’ ಆಗ್ತಾನಂತೆ ಅಂತ ಸುದ್ದಿ. ಉಡ ಹೋಗಿ ರಣಹದ್ದು ಬಂತಲ್ಲೋ ಅಂತ ಹಾಸ್ಟೆಲಿನಲ್ಲಿ ಸಿಟ್ಟು. ಸ್ಕ್ರಿಪ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ರೈಮಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಆ ದಿನಾಂಕಕ್ಕೆ ಒಳ್ಳೇ ಸಿನಿಮಾ ಕೊಡೋಕೆ ನನ್ನಿಂದ ಆಗಲ್ಲ ಅಂತ ಸೋನಿಗೆ ಹೇಳಿಬಿಟ್ಟ. 2010ರ ಜನವರಿಯಲ್ಲಿ ಎಲ್ಲ ರದ್ದು. ಡೆಡ್‌ಲೈನಿಗೆ ಕೆಟ್ಟ ಕೋಡ್ ತಳ್ಳಿ ಕೈ ತೊಳೆದುಕೊಳ್ಳೋದನ್ನೇ ನಾನು ಈ ಹದಿನೈದು ವರ್ಷ ನೋಡಿರೋದು. ಹಾಗಾಗಿ ಆ ‘ಆಗಲ್ಲ’ದ ಮೇಲೆ ಈಗ ಗೌರವ ಜಾಸ್ತಿ. ಆಗ ಮಾತ್ರ ಬೈದಿದ್ದೆ.

2012ರಲ್ಲಿ ಲಿಜರ್ಡ್ ಬಂದ, ಆದರೆ ಬೇರೆ ಸ್ಪೈಡರ್‌ಮ್ಯಾನ್‌ನ ಎದುರು, ಬೇರೆ ನಟನ ಮುಖದಲ್ಲಿ. ಆ ಹೊಸ ಸ್ಪೈಡರ್‌ಮ್ಯಾನ್ ಆಂಡ್ರೂ ಗಾರ್ಫೀಲ್ಡ್‌ಗೂ ಮೂರನೇ ಭಾಗ ಸಿಗಲಿಲ್ಲ. 2015ರ ಫೆಬ್ರವರಿಯಲ್ಲಿ ಸೋನಿ ಮತ್ತು ಮಾರ್ವೆಲ್ ಒಪ್ಪಂದ ಮಾಡಿಕೊಂಡು ಮೂರನೇ ಹುಡುಗನನ್ನು ತಂದರು. ಹಳೆಯವರಿಬ್ಬರ ಕಥೆಯೂ ಅರ್ಧಕ್ಕೇ ನಿಂತಿತು.

ಇನ್ನು ನನ್ನ ವಿಷಯ. ‘ಜಸ್ಟಿಸ್ ಲೀಗ್’ ಮಾಡುತ್ತಿದ್ದ ಜ್ಯಾಕ್ ಸ್ನೈಡರ್ 2017ರಲ್ಲಿ ಮಗಳು ಆಟಮ್ ಆತ್ಮಹತ್ಯೆ ಮಾಡಿಕೊಂಡ ಮೇಲೆ ಸಿನಿಮಾ ಬಿಟ್ಟುಹೋದ. ಇನ್ನೊಬ್ಬ ನಿರ್ದೇಶಕ ಮುಗಿಸಿದ. ನವೆಂಬರ್ 17ಕ್ಕೆ ಬಂದ ಸಿನಿಮಾ ನೋಡಿ ಅಭಿಮಾನಿಗಳು ಕೆರಳಿ, ಸ್ನೈಡರ್ ಮಾಡಿದ್ದನ್ನೇ ಕೊಡಿ ಅಂತ ಸಹಿ ಸಂಗ್ರಹಿಸಿದರು, ಹ್ಯಾಶ್‌ಟ್ಯಾಗ್ ಎಬ್ಬಿಸಿದರು, 2019ರಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್‌ಕಾನ್ ನಡೆಯುವಾಗ ವಿಮಾನದ ಬಾಲಕ್ಕೆ ಬ್ಯಾನರ್ ಕಟ್ಟಿ ಹಾರಿಸಿದರು. ಇವರೇ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಐದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಇವರಲ್ಲೇ ಕೆಲವರು ಸ್ಟುಡಿಯೋದವರಿಗೆ ಬೆದರಿಕೆಯನ್ನೂ ಹಾಕಿದರು.

2019ರ ನವೆಂಬರ್ 17, ಭಾನುವಾರ. ಸಿನಿಮಾ ಬಂದು ಎರಡು ವರ್ಷ. ಹ್ಯಾಶ್‌ಟ್ಯಾಗನ್ನು ಮೇಲೆ ತರಲು ಎಲ್ಲರಿಗೂ ಕರೆ ಇತ್ತು. ನಾನು ಶನಿವಾರ ರಾತ್ರಿ ಕೂತು ಪೈಥಾನಿನಲ್ಲಿ ನಲವತ್ತು ಸಾಲು ಬರೆದೆ. ಆರು ಸುಳ್ಳು ಖಾತೆ, ಇಪ್ಪತ್ತು ಸಿದ್ಧ ವಾಕ್ಯ, ಅನುಮಾನ ಬರದಂತೆ ನಡುವೆ ಹೆಚ್ಚುಕಮ್ಮಿ ಸಮಯದ ಅಂತರ. ಹಳೇ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಲು ಬಿಟ್ಟು ಮಲಗಿದೆ. ಭಾನುವಾರ ಸಿನಿಮಾದ ನಟರೇ ಹ್ಯಾಶ್‌ಟ್ಯಾಗ್ ಹಾಕಿದರು. ಸೋಮವಾರ ಆಫೀಸಿನ ಟೀ ಬ್ರೇಕಿನಲ್ಲಿ “ಅಭಿಮಾನಿಗಳ ಶಕ್ತಿ ಅಂದ್ರೆ ಇದು ನೋಡ್ರಪ್ಪಾ” ಅಂತ ಭಾಷಣ ಬಿಗಿದೆ. ಮುಂದಿನ ಮೇ ತಿಂಗಳಲ್ಲಿ ಸ್ಟುಡಿಯೋ ಒಪ್ಪಿತು. 2021ರ ಮಾರ್ಚ್ 18ಕ್ಕೆ ನಾಲ್ಕು ಗಂಟೆ ಎರಡು ನಿಮಿಷದ ಸಿನಿಮಾ ಬಂತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕೊನೆಗೆ ತೆರೆ ಮೇಲೆ ‘ಆಟಮ್‌ಗಾಗಿ’ ಅಂತ ಎರಡೇ ಪದ. ಕಣ್ಣು ಒದ್ದೆಯಾಯ್ತು.

2022ರ ಜುಲೈನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಒಂದು ವರದಿ ಹಾಕಿತು. ಸ್ಟುಡಿಯೋ ಮಾಡಿಸಿದ್ದ ತನಿಖೆಯ ಪ್ರಕಾರ ಆ ಚರ್ಚೆಯಲ್ಲಿದ್ದ ಖಾತೆಗಳಲ್ಲಿ ಕನಿಷ್ಠ ಶೇ 13 ನಕಲಿ. ಇಂಥ ಕಡೆ ಸಾಮಾನ್ಯವಾಗಿ ಶೇ 3ರಿಂದ 5 ಇರುತ್ತದಂತೆ. ವರದಿಯನ್ನು ನಾನು ಬಸ್ಸಿನಲ್ಲಿ ನಿಂತುಕೊಂಡು ಓದಿದೆ. ಆ ಹದಿಮೂರರಲ್ಲಿ ನನ್ನ ಆರು ಇದ್ದಾವೋ ಇಲ್ಲವೋ ಗೊತ್ತಾಗುವ ಹಾಗಿಲ್ಲ. ಗೊತ್ತಿರೋದು ಇಷ್ಟು. ಅಷ್ಟು ಜನ ಸೇರಿ ಮಗಳನ್ನು ಕಳೆದುಕೊಂಡವನ ಹೆಸರಿನಲ್ಲಿ ದುಡ್ಡು ಎತ್ತಿದರಲ್ಲ, ಅದಕ್ಕೆ ನಾನು ಒಂದು ಪೈಸೆ ಕೊಟ್ಟಿರಲಿಲ್ಲ. ಕೊಟ್ಟಿದ್ದು ಆರು ಸುಳ್ಳು ಹೆಸರು. ನಿಜವಾಗಿ ಕೇಳಿದವರ ದನಿಯ ಮೇಲೂ ಅನುಮಾನ ಬರೋ ಹಾಗೆ ಮಾಡಿದೆ. 1988ರಲ್ಲಿ 90 ಸೆಕೆಂಡಿಗೊಮ್ಮೆ ಫೋನು ತಿರುಗಿಸಿದವನು ಇದ್ದನೋ ಇಲ್ಲವೋ, ಅವನು ಎಂಥ ಮನುಷ್ಯ ಇರಬಹುದು ಅಂತ ನನಗೆ ಊಹಿಸೋಕೆ ಕಷ್ಟವಿಲ್ಲ. ಕೆಟ್ಟವನೇನಲ್ಲ. ನಿದ್ದೆ ಬಾರದವನು, ಕೋಡ್ ಬರೆಯೋಕೆ ಗೊತ್ತಿದ್ದವನು.

ಇಷ್ಟರ ನಡುವೆ 2021ರ ಡಿಸೆಂಬರಿನ ‘ನೋ ವೇ ಹೋಮ್’ ಬಗ್ಗೆ ಹೇಳದಿದ್ದರೆ ರೂಮ್‌ಮೇಟು ಬೈತಾನೆ. ಹಳೆಯ ಸ್ಪೈಡರ್‌ಮ್ಯಾನ್‌ಗಳಿಬ್ಬರೂ ಬರ್ತಾರೆ ಅನ್ನೋ ಗುಸುಗುಸು ಇತ್ತು. ನಾನಿಲ್ಲಪ್ಪಾ ಅಂತ ಗಾರ್ಫೀಲ್ಡ್ ಸಂದರ್ಶನದ ಮೇಲೆ ಸಂದರ್ಶನದಲ್ಲಿ ಸುಳ್ಳು ಹೇಳುತ್ತಾ ತಿರುಗಿದ. ನವೆಂಬರಿನಲ್ಲಿ ಟ್ರೈಲರ್ ಬಂತು. ಅದರ ಬ್ರೆಜಿಲ್ ಆವೃತ್ತಿಯನ್ನು ಜನ ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದರು. ಅಲ್ಲಿ ಲಿಜರ್ಡ್‌ನ ತಲೆ ಯಾರೋ ಗುದ್ದಿದ ಹಾಗೆ ಹಿಂದಕ್ಕೆ ಹೋಗುತ್ತೆ, ಗುದ್ದಿದವನೇ ಇಲ್ಲ! ಅಳಿಸಿದವನನ್ನು ಹೊಡೆತ ತಿಂದವನು ತೋರಿಸಿಕೊಟ್ಟ. ಇಷ್ಟು ಒಳ್ಳೇ ಬಗ್ ರಿಪೋರ್ಟನ್ನು ನಾನು ಆಫೀಸಿನಲ್ಲಿ ಕಂಡಿಲ್ಲ.

ಡಿಸೆಂಬರ್ 16ಕ್ಕೆ, ಅಮೆರಿಕಕ್ಕಿಂತ ಒಂದು ದಿನ ಮೊದಲೇ ಇಲ್ಲಿ ಬಿಡುಗಡೆ. ದಾವಣಗೆರೆಯವನು ಅವತ್ತು ಬೆಳಿಗ್ಗೆ ಪುಣೆಯಿಂದ ಫೋನ್ ಮಾಡಿ “ಮೂರೂ ಮಂದಿ ಅದಾರಲೇ” ಅಂತ ಕಿರುಚಿದ. ನಾನು ಟಿಕೆಟ್ ಇಟ್ಟುಕೊಂಡಿದ್ದು ಸಂಜೆ ಆಟಕ್ಕೆ. ಅವನನ್ನು ಇನ್ನೂ ಕ್ಷಮಿಸಿಲ್ಲ.

ಕಾಯೋದರಲ್ಲಿ ನಮ್ಮದೇ ಒಂದು ಭಾಗವೂ ಇದೆ. ‘ಸ್ಪೈಡರ್‌ಮ್ಯಾನ್ 3’ ನಮ್ಮ ದೇಶದಲ್ಲಿ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರುವ ಹಾಗಿರಲಿಲ್ಲ, ಡಬ್ಬಿಂಗಿಗೆ ಇಲ್ಲಿ ಅಲಿಖಿತ ತಡೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಆದೇಶ ಕೊಟ್ಟಿತು. 2023ರ ಜೂನಿನಲ್ಲಿ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಒಂದು. ಶೋಗಳು ಬೆರಳೆಣಿಕೆ. ಊರಿಂದ ರಜೆಗೆ ಬಂದಿದ್ದ ಅಕ್ಕನ ಮಗನನ್ನು ಹುಡುಕಿ ಹುಡುಕಿ ಒಂದಕ್ಕೆ ಕರೆದುಕೊಂಡು ಹೋದೆ. ಪವಿತ್ರ್ ಪ್ರಭಾಕರ್ ಅನ್ನೋ ಭಾರತದ ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದಾಗ ಅವನು ತಿರುಗಿ ನನ್ನ ಮುಖ ನೋಡಿದ.

ಆ ಸಿನಿಮಾ ನಟ್ಟ ನಡುವೆ ನಿಲ್ಲುತ್ತೆ. ಮೈಲ್ಸ್ ಹುಡುಗ ಬೇರೆ ಲೋಕದಲ್ಲಿ ಸಿಕ್ಕಿಬಿದ್ದಿದ್ದಾನೆ, ಗೆಳೆಯರು ಹುಡುಕಿಕೊಂಡು ಹೊರಟಿದ್ದಾರೆ. ಮುಂದಿನ ಭಾಗ 2024ರ ಮಾರ್ಚಿಗೆ ಅಂದಿದ್ದರು. ಈಗ 2027 ಅಂತಿದ್ದಾರೆ. ಆಗ ಆರನೇ ಕ್ಲಾಸಿನಲ್ಲಿದ್ದವನು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿರ್ತಾನೆ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಜಗಲಿ ಮೇಲೆ ಪಕ್ಕ ಬಂದು ಕೂತ. “ಮಾಮ, ಮೈಲ್ಸ್‌ನ ಬಿಡಿಸೋದು ಪವಿತ್ರ್ ಕಣೋ. ನಂಗೊತ್ತು.”

“ಯಾಕೋ? ಹೆಂಗ್ ಹೇಳ್ತೀಯ?”

“ಮಧ್ಯದಲ್ಲಿ ಒಂದ್ ಸೀನ್ ಐತೆ, ನೀನ್ ಸರ್ಯಾಗ್ ನೋಡಿಲ್ಲ” ಅಂದವನೇ ಒಳಗೆ ಹೋಗಿ ನೋಟ್‌ಬುಕ್ಕು ತಂದ.