ವಯಸ್ಕ ವಿದ್ಯಾರ್ಥಿಗಳ ಅಧ್ಯಯನ ಕ್ರಮಗಳು

ಶಾಲೆಯನ್ನೋ ಕಾಲೇಜನ್ನೋ ನಡುವೆ ಬಿಟ್ಟು, ದುಡಿಮೆ ಸಂಸಾರಗಳಲ್ಲಿ ಹಲವು ವರ್ಷ ಕಳೆದು, ಮತ್ತೆ ಪರೀಕ್ಷೆಗೆ ಕೂರಲು ಹೊರಟವರು ಓದಿದ್ದನ್ನು ಗ್ರಹಿಸಿ ನೆನಪಿನಲ್ಲಿ ಉಳಿಸಿಕೊಳ್ಳಲು ಅನುಸರಿಸುವ ವಿಧಾನಗಳು. ಕರ್ನಾಟಕದಲ್ಲಿ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಗಳಾಗಿ ಬರೆಯುವ ಗೃಹಿಣಿಯರು, ಕೆಲಸದಲ್ಲಿದ್ದುಕೊಂಡೇ ಪದವಿಗೆ ಹೆಸರು ನೋಂದಾಯಿಸುವ ಗುಮಾಸ್ತರು, ಅಂಗನವಾಡಿ ಕಾರ್ಯಕರ್ತೆಯರು ಈ ಗುಂಪಿಗೆ ಸೇರುತ್ತಾರೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದ್ದು ಇಂಥವರಿಗಾಗಿಯೇ. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಹೀಗೆ ಮರಳಿ ಬಂದವರಲ್ಲಿ ಅನೇಕರು ಮೊದಲು ಹೇಳುವ ಮಾತು, ‘ಈ ವಯಸ್ಸಿಗೆ ಇನ್ನೇನು ತಲೆಗೆ ಹತ್ತುತ್ತೆ’ ಎಂಬುದು. ಸುಮಾರು ನೂರು ವರ್ಷಗಳ ಸಂಶೋಧನೆ ಈ ಮಾತನ್ನು ಒಪ್ಪುವುದಿಲ್ಲ. ಅವರನ್ನು ಹೆಚ್ಚಾಗಿ ಸೋಲಿಸುವುದು ವಯಸ್ಸಲ್ಲ, ಹುಡುಗರಾಗಿದ್ದಾಗ ರೂಢಿಸಿಕೊಂಡ ಓದಿನ ಕ್ರಮ.

ವಯಸ್ಸು ಮತ್ತು ಕಲಿಕೆ

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1928ರಲ್ಲಿ ಪ್ರಕಟಿಸಿದ ‘ಅಡಲ್ಟ್ ಲರ್ನಿಂಗ್’ ಗ್ರಂಥ ಈ ವಿಷಯದಲ್ಲಿ ಮೈಲಿಗಲ್ಲು. ಕಲಿಯುವ ಶಕ್ತಿ ಯೌವನ ಕಳೆದ ಮೇಲೆ ಕುಗ್ಗುವುದು ನಿಜವಾದರೂ ಅದು ಬಹಳ ನಿಧಾನವಾಗಿ ಕುಗ್ಗುತ್ತದೆ, ವಯಸ್ಕರು ಕಲಿಯಲಾರರು ಎನ್ನಲು ಆಧಾರವಿಲ್ಲ ಎಂದು ಅವರು ತೋರಿಸಿದರು. ಮುಂದೆ ರೇಮಂಡ್ ಕ್ಯಾಟೆಲ್ ಬುದ್ಧಿಶಕ್ತಿಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಹೊಸ ಸಮಸ್ಯೆಯನ್ನು ಚುರುಕಾಗಿ ಬಿಡಿಸುವ ಶಕ್ತಿ ಒಂದು. ಅನುಭವದಿಂದ ಕೂಡಿಟ್ಟ ಜ್ಞಾನ, ಪದಸಂಪತ್ತು, ವಿವೇಚನೆ ಇನ್ನೊಂದು. ಮೊದಲನೆಯದು ಬೇಗ ಇಳಿಮುಖವಾಗುತ್ತದೆ. ಎರಡನೆಯದು ನಡುವಯಸ್ಸು ದಾಟಿದ ಮೇಲೂ ಗಟ್ಟಿಯಾಗಿ ನಿಲ್ಲುತ್ತದೆ. ಹತ್ತು ವರ್ಷ ಅಂಗಡಿಯ ಲೆಕ್ಕ ಬರೆದವರಿಗೆ ಜಮಾ-ಖರ್ಚಿನ ಪಾಠ, ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಂಡವರಿಗೆ ಶಿಶು ಮನೋವಿಜ್ಞಾನದ ಪಾಠ ಬೇಗ ಹಿಡಿಯುವುದು ಇದರಿಂದಲೇ. ವಯಸ್ಕ ವಿದ್ಯಾರ್ಥಿಯ ದೊಡ್ಡ ಬಂಡವಾಳ ಇದು. ಆದರೆ ಓದಲು ಕೂತಾಗ ಅನೇಕರು ತಮ್ಮ ಅನುಭವವನ್ನು ಬದಿಗಿಟ್ಟು, ಏನೂ ತಿಳಿಯದವರಂತೆ ಪುಸ್ತಕದ ಸಾಲುಗಳಿಗೆ ಶರಣಾಗುತ್ತಾರೆ.

ಪುಸ್ತಕ ಮುಚ್ಚಿ ನೆನೆಯುವುದು

ಹೆಚ್ಚಿನವರು ಓದುವುದೆಂದರೆ ಅದೇ ಪುಟವನ್ನು ಮತ್ತೆ ಮತ್ತೆ ತಿರುವುವುದು, ಮುಖ್ಯವೆನಿಸಿದ ಸಾಲಿನ ಕೆಳಗೆ ಗೆರೆ ಎಳೆಯುವುದು. ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ತಂತ್ರಗಳನ್ನು ತೂಗಿ ನೋಡಿ 2013ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಇವೆರಡಕ್ಕೂ ಕೆಳಗಿನ ದರ್ಜೆಯೇ ಸಿಕ್ಕಿತು. ಮೇಲಿನ ದರ್ಜೆ ದೊರೆತದ್ದು ಎರಡಕ್ಕೆ ಮಾತ್ರ: ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚುವುದು.

ಮರುಓದು ಮೋಸ ಮಾಡುವ ಬಗೆಯನ್ನು ತಿಳಿದುಕೊಳ್ಳಬೇಕು. ಸಂತೆಯಲ್ಲಿ ಎದುರಾದವರ ಮುಖ ಗುರುತು ಹತ್ತುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಮೂರು ಸಲ ಓದಿದ ಪುಟದ ಸ್ಥಿತಿಯೂ ಇದೇ. ಕಣ್ಣಿಗೆ ಪರಿಚಿತವಾದದ್ದನ್ನು ಮನಸ್ಸು ಬಲ್ಲೆನೆಂದು ಭಾವಿಸುತ್ತದೆ. ಉತ್ತರಪತ್ರಿಕೆ ಕೇಳುವುದು ಗುರುತನ್ನಲ್ಲ, ನೆನಪನ್ನು.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ವರದಿ ಮಾಡಿದ ಪ್ರಯೋಗ ಇದನ್ನು ಸ್ಪಷ್ಟಪಡಿಸುತ್ತದೆ. ವಿದ್ಯಾರ್ಥಿಗಳು ಗದ್ಯಭಾಗಗಳನ್ನು ಒಮ್ಮೆ ಓದಿದರು. ಬಳಿಕ ಕೆಲವು ಭಾಗಗಳನ್ನು ಮತ್ತೊಮ್ಮೆ ಓದಿದರು. ಕೆಲವನ್ನು ಓದದೆ, ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮುಂದಿತ್ತು: 81 ಶೇಕಡಾ, ಬರೆದದ್ದು 75. ಒಂದು ವಾರ ಕಳೆದಾಗ ಫಲಿತಾಂಶ ತಿರುವುಮುರುವಾಯಿತು. ಮತ್ತೆ ಓದಿದ್ದರಲ್ಲಿ ಉಳಿದದ್ದು 42 ಶೇಕಡಾ, ಬರೆದು ನೆನೆದದ್ದರಲ್ಲಿ 56. ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಓದಿದವರಿಗೆ ಮರುದಿನ ಬೆಳಗ್ಗೆ ಎಲ್ಲವೂ ಬರುತ್ತದೆ ಎನಿಸುವುದಕ್ಕೂ, ಮುಂದಿನ ತಿಂಗಳು ಏನೂ ಉಳಿಯದಿರುವುದಕ್ಕೂ ಕಾರಣ ಇಲ್ಲಿದೆ.

ನಮ್ಮ ಹಳೆಯ ಶಾಲೆಗಳಲ್ಲಿ ಮಗ್ಗಿ ಒಪ್ಪಿಸುವುದು, ಪದ್ಯ ಒಪ್ಪಿಸುವುದು ಇದ್ದೇ ಇತ್ತು. ಉರು ಹೊಡೆಯುವ ಪದ್ಧತಿ ಎಂದು ಅದನ್ನು ಸಾರಾಸಗಟಾಗಿ ತಳ್ಳಿಹಾಕಿದ್ದರಿಂದ ಒಪ್ಪಿಸುವ ಒಳ್ಳೆಯ ಅಭ್ಯಾಸವೂ ಹೋಯಿತು. ಅರ್ಥ ತಿಳಿದು ಒಪ್ಪಿಸುವುದು ಉರು ಹೊಡೆಯುವುದಲ್ಲ. ಕಾರ್ಪಿಕ್ ಮತ್ತು ಜನೆಲ್ ಬ್ಲಂಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆನಪಿನಿಂದ ಬರೆದವರು ಪುಸ್ತಕ ತೆರೆದಿಟ್ಟು ಪರಿಕಲ್ಪನೆಗಳ ನಕ್ಷೆ ಬಿಡಿಸಿದವರಿಗಿಂತ ವಿವೇಚನೆಯ ಪ್ರಶ್ನೆಗಳಲ್ಲೂ ಮುಂದಿದ್ದರು.

ಆಚರಣೆ ಸರಳ. ಎರಡು ಪುಟ ಓದಿ ಪುಸ್ತಕ ಮುಚ್ಚಬೇಕು; ನೆನಪಾದದ್ದನ್ನು ತನ್ನ ಮಾತಿನಲ್ಲೇ ಬರೆಯಬೇಕು, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಹೇಳಬೇಕು; ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಮೊದಮೊದಲು ಅರ್ಧವೂ ನೆನಪಾಗದೆ ಮನಸ್ಸು ಕುಗ್ಗುತ್ತದೆ. ಹಾಗೆ ತಡಕಾಡುವುದೇ ನೆನಪನ್ನು ಗಟ್ಟಿ ಮಾಡುವ ಕೆಲಸ. ರಾಬರ್ಟ್ ಬಿಯರ್ಕ್ ಎಂಬ ಮನೋವಿಜ್ಞಾನಿ ಇಂಥ ಪ್ರಯಾಸಗಳನ್ನು ಕಲಿಕೆಗೆ ಬೇಕಾದ ಕಷ್ಟಗಳೆಂದೇ ಕರೆದಿದ್ದಾರೆ.

ಅಂತರವಿಟ್ಟು ಓದುವುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲೇ ಭರದಿಂದ ಸಾಗಿ ಆಮೇಲೆ ನಿಧಾನವಾಗುತ್ತದೆ; ಒಂದೇ ದಿನ ಹಲವು ಸಲ ಓದುವುದಕ್ಕಿಂತ ದಿನ ಬಿಟ್ಟು ಓದಿದರೆ ಹೆಚ್ಚು ಉಳಿಯುತ್ತದೆ. ಎಷ್ಟು ದಿನ ಬಿಡಬೇಕೆಂಬುದಕ್ಕೆ ನಿಕೊಲಾಸ್ ಸೆಪೆಡಾ ಮತ್ತು ಸಂಗಡಿಗರ 2008ರ ಅಧ್ಯಯನ ಒಂದು ಅಂದಾಜು ಕೊಡುತ್ತದೆ: ಒಂದು ವಾರದಾಚೆಯ ಪರೀಕ್ಷೆಗೆ ಒಂದು ದಿನದ ಅಂತರ, ಸುಮಾರು ಒಂದು ವರ್ಷದಾಚೆಯದಕ್ಕೆ ಮೂರು ವಾರಗಳ ಅಂತರ ಒಳ್ಳೆಯ ಫಲ ಕೊಟ್ಟಿತು.

ಸಂಸಾರಸ್ಥರಿಗೆ ಈ ಕ್ರಮ ಹೇಳಿ ಮಾಡಿಸಿದಂತಿದೆ. ಅವರಿಗೆ ನಾಲ್ಕು ಗಂಟೆ ಒಟ್ಟಿಗೆ ಸಿಗುವುದಿಲ್ಲ. ಅಡುಗೆಯ ನಡುವೆ, ಬಸ್ಸಿನಲ್ಲಿ, ಮಕ್ಕಳು ಮಲಗಿದ ಮೇಲೆ ಇಪ್ಪತ್ತು ನಿಮಿಷ ಸಿಗುತ್ತದೆ. ಹೀಗೆ ಚೂರುಚೂರಾಗಿ ಓದುವುದು ನ್ಯೂನತೆಯೇನಲ್ಲ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ಚೀಟಿಯ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದು ಖಾನೆಗಳಿರುವ ಪೆಟ್ಟಿಗೆಯಲ್ಲಿ ಇಡುವುದು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಕೈಗೆ ಬರುತ್ತದೆ; ತಪ್ಪಿದ ಚೀಟಿ ಮೊದಲ ಖಾನೆಗೇ ಮರಳಿ ಮರುದಿನವೇ ಎದುರಾಗುತ್ತದೆ. ಮೊಬೈಲಿನ ಆ್ಯಪ್‌ಗಳು ಈಗ ಇದನ್ನೇ ಮಾಡುತ್ತವೆ. ಅವು ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದರೂ ಸಾಕು.

ಇತರ ಕ್ರಮಗಳು

ಗಣಿತದಲ್ಲಿ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವ ಬದಲು ಬೇರೆ ಬೇರೆ ಬಗೆಗಳನ್ನು ಕಲಸಿ ಮಾಡಬೇಕು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಅವರ 2007ರ ಪ್ರಯೋಗದಲ್ಲಿ ಕಲಸಿ ಮಾಡಿದವರು ಅಭ್ಯಾಸದ ವೇಳೆ ಹಿಂದುಳಿದರೂ ವಾರದ ನಂತರ 63 ಶೇಕಡಾ ಅಂಕ ಪಡೆದರು. ಸಾಲಾಗಿ ಮಾಡಿದವರು ಪಡೆದದ್ದು 20. ಓದಿದ ಪ್ರತಿ ಸಂಗತಿಗೂ ‘ಇದು ಯಾಕೆ ಹೀಗೆ’ ಎಂದು ಕೇಳಿಕೊಳ್ಳುವುದೂ ಉಪಯುಕ್ತ. ನಿದ್ದೆಗೆಟ್ಟು ಓದುವುದು ನಷ್ಟದ ವ್ಯಾಪಾರ. ಓದಿದ್ದು ನೆಲೆಗೊಳ್ಳುವುದು ನಿದ್ದೆಯಲ್ಲಿ. ಕೆಲವರು ಕಣ್ಣಿನಿಂದ, ಕೆಲವರು ಕಿವಿಯಿಂದ ಕಲಿಯುತ್ತಾರೆ, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬ ಪ್ರಸಿದ್ಧ ನಂಬಿಕೆಗೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಹುಡುಕಿದಾಗ ತಕ್ಕ ಪುರಾವೆ ಸಿಗಲಿಲ್ಲ.

ಪರೀಕ್ಷೆ ಮತ್ತು ಮನೆ

ಮರಳಿ ಬಂದವರು ಎದುರಿಸುವ ಒಂದು ತೊಡಕನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ: ಕೈಗೆ ಬರವಣಿಗೆಯ ರೂಢಿ ತಪ್ಪಿರುತ್ತದೆ. ಮೂರು ಗಂಟೆ ಬಿಡದೆ ಬರೆಯುವುದು ದೇಹಶ್ರಮ. ಹಳೆಯ ಪ್ರಶ್ನೆಪತ್ರಿಕೆಯನ್ನು ಪರೀಕ್ಷೆಗೆ ವಾರವಿರುವಾಗಲ್ಲ, ಪಾಠ ಶುರುವಾದ ತಿಂಗಳಲ್ಲೇ ಎದುರಿಗಿಟ್ಟು, ಗಡಿಯಾರ ನೋಡಿ ಉತ್ತರ ಬರೆಯಲು ತೊಡಗುವುದು ಇದಕ್ಕೂ ಮದ್ದು, ನೆನಪಿಗೂ ಮದ್ದು.

ಈ ಯಾವ ಕ್ರಮಕ್ಕೂ ದುಡ್ಡು ಬೇಕಿಲ್ಲ. ಅಡ್ಡಿಯಿಲ್ಲದ ಒಂದಿಷ್ಟು ಹೊತ್ತು ಬೇಕು. ಗಂಡಸು ಓದಲು ಕೂತರೆ ಮನೆ ತಾನಾಗಿ ಸದ್ದಡಗುತ್ತದೆ, ಹೆಂಗಸು ಕೂತರೆ ಕುಕ್ಕರು, ಅತಿಥಿಗಳು, ಮಗುವಿನ ಹೋಂವರ್ಕು ಎಲ್ಲವೂ ಅವಳನ್ನೇ ಕರೆಯುತ್ತವೆ. ಓದಲು ಹೊರಟ ಸೊಸೆಗೋ ತಾಯಿಗೋ ಮನೆಯವರು ದಿನಕ್ಕೆ ಒಂದು ಗಂಟೆಯನ್ನು ಬಿಟ್ಟುಕೊಡಲಿ, ಆ ಗಂಟೆಯಲ್ಲಿ ಅಡುಗೆಮನೆಯನ್ನು ಬೇರೆಯವರು ನೋಡಿಕೊಳ್ಳಲಿ.