ಗಾಜಿನ ಹಿಂಬದಿ

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು ಕತ್ತೆತ್ತಿ ನೋಡದೆ ಬಂದವರುಂಟೆ? ಎಂಟು ಮೂಲೆಯ ಆ ವಿಶಾಲವಾದ ಮಂಟಪದ ಮೇಲೆ ಬಣ್ಣಬಣ್ಣದ ಗಾಜಿನ ಚಾವಣಿ. ಅದರ ತುಂಬ ನವಿಲುಗಳು, ಹೂಬಳ್ಳಿಗಳು. ಬಿಸಿಲು ಏರಿದ ಹೊತ್ತಿನಲ್ಲಿ ಹೋದರೆ ಆ ನೀಲಿ ಹಸಿರುಗಳಿಗೆ ಜೀವ ಬಂದಂತಿರುತ್ತದೆ. “ಇದೆಲ್ಲಾ ಗ್ಲಾಸ್ಗೋದಿಂದ ಬಂದದ್ದು” ಎಂದು ತೋರಿಸುವವರು ಹೇಳುತ್ತಾರೆ, ನೋಡುವವರು ತಲೆದೂಗುತ್ತಾರೆ. ನಾನೂ ಎಷ್ಟೋ ಸಲ ತಲೆದೂಗಿದ್ದೇನೆ. ಆದರೆ ಅಲ್ಲಿ ನಿಂತಾಗಲೆಲ್ಲ ನನಗೆ ನಮ್ಮ ದೇವರ ಮನೆಯ ಗೋಡೆಯ ಮೇಲಿದ್ದ ಮೊಳದುದ್ದದ ಗಾಜಿನ ಕೃಷ್ಣನ ನೆನಪು ಬಂದು ಮನಸ್ಸು ಮುದುಡುತ್ತದೆ. ಆ ಕೃಷ್ಣನನ್ನು ಅಳಿಸಿದವನು ನಾನೇ.

ಆಗ ನನಗೆ ಹತ್ತೋ ಹನ್ನೊಂದೋ ವಯಸ್ಸು. ಗೋಕುಲಾಷ್ಟಮಿಯ ಹಿಂದಿನ ದಿನ ದೇವರ ಪಟಗಳನ್ನು ಒರೆಸುವ ಕೆಲಸವನ್ನು ಅಜ್ಜಿ ನನಗೆ ಒಪ್ಪಿಸಿದ್ದರು. ಕೃಷ್ಣನ ಪಟದ ಹಿಂದಿನ ಹಲಗೆಯನ್ನು ಗೆದ್ದಲು ತಿಂದಿತ್ತು. ಮುಟ್ಟಿದ ಕೂಡಲೇ ಪುಡಿಯಾಗಿ ಉದುರಿತು. ಒಳಗೆ ನೋಡಿದರೆ ಗಾಜಿನ ಬೆನ್ನಿಗೆ ಅಂಕುಡೊಂಕಾಗಿ ಮೆತ್ತಿದ ಬಣ್ಣ. ಕೊಳೆಯೆಂದೇ ಭಾವಿಸಿ ಒದ್ದೆ ಬಟ್ಟೆಯಿಂದ ಶ್ರದ್ಧೆಯಾಗಿ ತಿಕ್ಕಿದೆ. ಮೊದಲು ಕೆಂಪು ಪರದೆ ಬಟ್ಟೆಗೆ ಬಂತು. ಆಮೇಲೆ ಮೈಯ ನೀಲಿ. ಅಜ್ಜಿ ಬರುವ ಹೊತ್ತಿಗೆ ಗಾಜಿನ ಮೇಲೆ ಉಳಿದದ್ದು ಕಪ್ಪು ಗೆರೆ, ಎರಡು ಕಣ್ಣು, ಕೊರಳ ಹಾರ, ಇಷ್ಟೇ. ಅಜ್ಜಿ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, “ಹೋಗಲಿ ಬಿಡು ಮಗು, ನಾಳೆ ಹೇಗೂ ಹುಟ್ಟಿ ಬರ್ತಾನಲ್ಲ” ಎಂದರು. ಆ ಗಾಜನ್ನು ಹಾಗೆಯೇ ಗೋಡೆಗೆ ತೂಗುಹಾಕಿ, ಕುಂಕುಮವಿಟ್ಟು, ಬದುಕಿರುವವರೆಗೂ ಪೂಜೆ ಮಾಡಿದರು. ಗೋಡೆಯ ಸುಣ್ಣವೇ ಕೃಷ್ಣನ ಮೈಬಣ್ಣವಾಯಿತು.

ಮೂವತ್ತು ವರ್ಷ ಕಳೆದ ಮೇಲೆ ಸಂತೇಪೇಟೆಯ ಕಡೆಯ ಒಂದು ಓಣಿಯಲ್ಲಿ ಪಟಗಳಿಗೆ ಕಟ್ಟು ಹಾಕುತ್ತಿದ್ದ ಒಬ್ಬ ವೃದ್ಧರ ಪರಿಚಯವಾಯಿತು. ಅವರ ತಂದೆ ಗಾಜಿನ ಮೇಲೆ ಚಿತ್ರ ಬರೆಯುತ್ತಿದ್ದವರು. ಇವರಿಗೂ ಕೈ ಮರೆತಿರಲಿಲ್ಲ, ಕೇಳುವವರು ಮಾತ್ರ ಇರಲಿಲ್ಲ. ನಾನು ಕೇಳಿದೆ. ಭಾನುವಾರದ ಬೆಳಿಗ್ಗೆಗಳನ್ನು ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಳೆಯುವುದೆಂದಾಯಿತು.

ಕಾಗದದ ಮೇಲೋ ಹಲಗೆಯ ಮೇಲೋ ಚಿತ್ರ ಬರೆಯುವವನು ಮೊದಲು ಹಿನ್ನೆಲೆ ಹಚ್ಚಿ, ಮೈ ತುಂಬಿಸಿ, ಒಡವೆ ತೊಡಿಸುತ್ತಾನೆ. ಗಾಜಿನಲ್ಲಿ ಎಲ್ಲವೂ ತಲೆಕೆಳಗು. ನಾವು ಬರೆಯುವುದು ಹಿಂಬದಿಯಲ್ಲಿ, ಜನ ನೋಡುವುದು ಮುಂಬದಿಯಿಂದ. ಆದ್ದರಿಂದ ಎಲ್ಲಕ್ಕಿಂತ ಮೇಲೆ ಕಾಣಬೇಕಾದ್ದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕು: ಗೆರೆ, ಕಣ್ಣುಗುಡ್ಡೆ, ಮುತ್ತಿನ ಸರ. ಅದು ಒಣಗಿದ ಮೇಲೆ ಕೆನ್ನೆಯ ನೆರಳು, ಅದರ ಮೇಲೆ ಮೈಬಣ್ಣ, ಕಟ್ಟಕಡೆಗೆ ಪರದೆ, ಆಕಾಶ. ಚಿನ್ನ ಕಾಣಬೇಕಾದ ಕಡೆ ಬಣ್ಣ ಹಚ್ಚದೆ ಖಾಲಿ ಬಿಟ್ಟು ಹಿಂದಿನಿಂದ ಬೇಗಡೆ ಅಂಟಿಸಬೇಕು. ಶಿಲ್ಪಿ ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುತ್ತಾನೆ. ಇಲ್ಲಿ ದೇವರು ಮೊದಲು ಕಣ್ಣು ಬಿಟ್ಟು, ಉಳಿದ ಮೈ ಬರುವುದನ್ನು ಕಾಯುತ್ತಾ ಕೂತಿರುತ್ತಾನೆ. ಒಂದು ಸಲ ಮೈಬಣ್ಣ ಬಿದ್ದ ಮೇಲೆ ಕಣ್ಣನ್ನು ತಿದ್ದುವ ಮಾತೇ ಇಲ್ಲ.

ಇದನ್ನು ಕೇಳುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಪರದೆ ಮೊದಲು, ಮೈ ಆಮೇಲೆ, ಕಣ್ಣು ಕೊನೆಗೆ! ಆ ದಿನ ನನ್ನ ಒದ್ದೆ ಬಟ್ಟೆ ಯಾರೋ ಒಬ್ಬ ಚಿತ್ರಗಾರನ ಕೆಲಸವನ್ನು ಕೊನೆಯಿಂದ ಮೊದಲಿನವರೆಗೆ ಒಂದೊಂದೇ ಹೆಜ್ಜೆಯಾಗಿ ಬಿಚ್ಚಿತ್ತು. ಇನ್ನೆರಡು ಸಲ ತಿಕ್ಕಿದ್ದರೆ ಅವನ ಮೊದಲನೆಯ ಗೆರೆಯನ್ನೂ ಮುಟ್ಟುತ್ತಿದ್ದೆ.

ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದಲ್ಲ. ಯೂರೋಪಿನಲ್ಲಿ ಬಳಕೆಯಲ್ಲಿದ್ದ ಇದು ಹದಿನೆಂಟನೆಯ ಶತಮಾನದಲ್ಲಿ ಚೀನದ ಕ್ಯಾಂಟನ್ ಬಂದರಿನಲ್ಲಿ ದೊಡ್ಡ ಕಸಬಾಯಿತು. ತಮಾಷೆಯೆಂದರೆ ಗಾಜಿನ ಹಲಗೆಗಳು ಯೂರೋಪಿನಿಂದ ಹಡಗಿನಲ್ಲಿ ಅಲ್ಲಿಗೆ ಹೋಗಿ, ಚೀನೀ ಕುಂಚದಿಂದ ಚಿತ್ರ ಹೊತ್ತುಕೊಂಡು ಮತ್ತೆ ಹಡಗು ಹತ್ತುತ್ತಿದ್ದುವು. ಆ ವ್ಯಾಪಾರದ ದಾರಿಯಲ್ಲೇ ಅವು ಹಿಂದೂಸ್ಥಾನದ ಪಶ್ಚಿಮ ತೀರಕ್ಕೂ, ಅಲ್ಲಿಂದ ರಾಜಾಸ್ಥಾನಗಳಿಗೂ ಬಂದುವು. ಹತ್ತೊಂಬತ್ತನೆಯ ಶತಮಾನದ ವೇಳೆಗೆ ನಮ್ಮ ಚಿತ್ರಗಾರರೇ ಕೈ ಹಾಕಿದ್ದರು. ತಂಜಾವೂರಿನಲ್ಲೂ ಮೈಸೂರಿನಲ್ಲೂ ಹಲಗೆಯ ಮೇಲೆ ಚಿನ್ನದ ರೇಕಿನಿಂದ ದೇವರ ಚಿತ್ರ ಬರೆಯುತ್ತಿದ್ದ ಮನೆತನಗಳಿದ್ದುವು. ಹಲಗೆಯ ಚಿತ್ರಕ್ಕೆ ದುಡ್ಡು ತೆರಲಾರದ ಗೃಹಸ್ಥನಿಗೆ ಗಾಜಿನ ರಾಮ, ಗಾಜಿನ ಕೃಷ್ಣ ಎಟುಕುವಂತಾಯಿತು.

ಹಾಗಾದರೆ ನಮ್ಮವರಿಗೆ ಗಾಜು ಮಾಡಲು ಬರುತ್ತಿರಲಿಲ್ಲವೆ? ಬರುತ್ತಿತ್ತು. ಟೀಪೂ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಈ ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಹೊಸದುರ್ಗದ ಸೀಮೆಯ ಮತ್ತೋಡಿನಲ್ಲಿ ಗಾಜಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಸವಳು ಮಣ್ಣು, ಬೆಣಚುಕಲ್ಲಿನ ಪುಡಿ ಇವುಗಳಿಂದ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜನ್ನು ಅಲ್ಲಿ ಕಾಯಿಸುತ್ತಿದ್ದರು. ಆದರೆ ಅಷ್ಟೂ ಹೋಗುತ್ತಿದ್ದುದು ಹೆಂಗಸರ ಕೈಬಳೆಗೆ. ಬಣ್ಣ ನಮಗೆ ಗೊತ್ತಿತ್ತು, ಬೆಂಕಿ ಗೊತ್ತಿತ್ತು. ಅಗಲವಾದ ತಿಳಿಗಾಜಿನ ಹಲಗೆ ಮಾತ್ರ ಕಡಲಾಚೆಯಿಂದ ಬರಬೇಕಾಯಿತು. ಗಾಜನ್ನು ಕೊಳವೆಯಾಗಿ ಊದಿ, ಸೀಳಿ, ಬಿಸಿಯಲ್ಲೇ ಹಾಸಿ ಮಾಡುತ್ತಿದ್ದ ಹಲಗೆ ಅದು. “ಹಳೇ ಗಾಜು ನೋಡಿ ಸ್ವಾಮಿ, ಕೆರೆ ನೀರಿನ ಹಾಗೆ ಅಲೆ ಇರುತ್ತೆ” ಎಂದು ನನ್ನ ಗುರುಗಳು ಬೆಳಕಿಗೆ ಹಿಡಿದು ತೋರಿಸಿದರು. ಅಲೆಯೂ ಇತ್ತು, ಸಾಸಿವೆಯಷ್ಟು ಗುಳ್ಳೆಗಳೂ ಇದ್ದುವು.

ಗಾಜಿನ ಚಿತ್ರಕ್ಕೆ ಪೆಟ್ಟು ಬಿದ್ದದ್ದು ಅಚ್ಚುಕೂಟದಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಚಿತ್ರಮುದ್ರಣಾಲಯ ತೆರೆದ ಮೇಲೆ ಬಣ್ಣದ ಲಕ್ಷ್ಮಿ ಸರಸ್ವತಿಯರು ಮನೆಮನೆಗೂ ಬಂದರು. ಕಾಗದದ ದೇವರಿಗೆ ಒಡೆಯುವ ಭಯವಿಲ್ಲ, ಬೆಲೆಯೂ ಕಡಮೆ. “ನಮ್ಮಪ್ಪನ ಹತ್ತಿರ ಚಿತ್ರ ಬರೆಸೋರು ಕಟ್ಟು ಹಾಕ್ಸೋಕೆ ಬರೋಕೆ ಶುರು ಮಾಡಿದರು” ಎಂದು ವೃದ್ಧರು ನಗುತ್ತಾ ಹೇಳಿದರು. ಅಂಗಡಿ ಪಟದ ಕಟ್ಟಿನ ಅಂಗಡಿಯಾದದ್ದು ಹಾಗೆ. ಇನ್ನೂ ನೋವಿನ ಮಾತೊಂದುಂಟು. ಹಳೆಯ ಚಿತ್ರಗಳನ್ನು ತಂದವರು ಬಣ್ಣ ಕೆರೆದು, ಅದೇ ಗಾಜನ್ನು ಹೊಸ ಕಾಗದದ ಪಟಕ್ಕೆ ಕೂರಿಸಿಕೊಡಿ ಎನ್ನುತ್ತಿದ್ದರಂತೆ. ಇವರೇ ಎಷ್ಟೋ ಗಾಜು ಕೆರೆದಿದ್ದಾರೆ. ನನ್ನ ಒದ್ದೆ ಬಟ್ಟೆಯ ಕಥೆಯನ್ನು ನಾನು ಹೇಳಿಕೊಂಡದ್ದು ಆ ಮಾತು ಕೇಳಿದ ಮೇಲೆ.

ಇದೇ ಕಾಲದಲ್ಲಿ ಅರಮನೆಗೆ ಬೇರೆ ಬಗೆಯ ಗಾಜು ಬರುತ್ತಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು, 1912ಕ್ಕೆ ಮುಗಿಯಿತು. ಸುಟ್ಟ ಅರಮನೆಯ ನೆನಪು ಹಸಿಯಾಗಿದ್ದುದರಿಂದ ಮರಕ್ಕೆ ಬದಲು ಕಲ್ಲಿಗೂ ಕಬ್ಬಿಣಕ್ಕೂ ಮನಸ್ಸು ಒಲಿದದ್ದರಲ್ಲಿ ಆಶ್ಚರ್ಯವಿಲ್ಲ. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಾರ್ಖಾನೆಯವು. ಚಾವಣಿಯ ಗಾಜೂ ಅದೇ ಊರಿನದು. ನವಿಲಿನ ವಿನ್ಯಾಸ ಮಾತ್ರ ಮೈಸೂರಿನ ಕಲಾವಿದರದೆಂದು ಹೇಳುತ್ತಾರೆ.

ಆ ಗಾಜಿನ ಧರ್ಮವೇ ಬೇರೆ. ಅಲ್ಲಿ ಮುಖ್ಯ ಬಣ್ಣ ಮೇಲೆ ಹಚ್ಚಿದ್ದಲ್ಲ. ಗಾಜು ಕರಗಿರುವಾಗಲೇ ಲೋಹದ ಭಸ್ಮಗಳನ್ನು ಸೇರಿಸಿ ಬರಿಸಿದ್ದು. ಕೋಬಾಲ್ಟ್ ಬೆರೆತರೆ ಗಾಢ ನೀಲಿ, ತಾಮ್ರ ಬೆರೆತರೆ ಹಸಿರು ಅಥವಾ ಕೆಂಪು. ತುಂಡು ತುಂಡಾಗಿ ಕತ್ತರಿಸಿ ಸೀಸದ ಪಟ್ಟಿಗಳಿಂದ ಹೊಲಿದಂತೆ ಜೋಡಿಸುವುದು ಯೂರೋಪಿನ ಇಗರ್ಜಿಗಳಲ್ಲಿ ಶತಮಾನಗಳಿಂದ ನಡೆದುಬಂದ ಕ್ರಮ. ಅದಕ್ಕೆ ಬೆಳಕು ಬೆನ್ನ ಹಿಂದಿನಿಂದ ಬರಬೇಕು. ನಮ್ಮ ದೇವರ ಮನೆಯ ಗಾಜಿಗೋ ಬೆನ್ನು ಮುಚ್ಚಿಯೇ ಇರಬೇಕು. ಚಾವಣಿಯ ನವಿಲಿಗೆ ಕಾವಲುಗಾರರಿದ್ದಾರೆ, ಟಿಕೆಟ್ಟಿದೆ, ನೋಡಿ ಸಂತೋಷಪಡಬೇಕಾದ್ದೇ. ಆದರೆ ಅದನ್ನು ಮಾಡುವ ಕೈ ಗ್ಲಾಸ್ಗೋದಲ್ಲೇ ಉಳಿಯಿತು. ನಮ್ಮ ಊರಿನ ಕೈ ಕಲಿತ ಗಾಜು ಓಣಿಯ ಹಿಂದಿನ ಕೋಣೆಯಲ್ಲಿ ಧೂಳು ಹಿಡಿದಿತ್ತು. ಮೈಸೂರಿನ ಗಾಜಿನ ಕಲೆಯೆಂದರೆ ಕತ್ತೆತ್ತಿ ನೋಡುವುದಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆನಲ್ಲ ಎಂಬುದೇ ನನಗೆ ನಾಚಿಕೆ.

ಎಂಟು ತಿಂಗಳ ಮೇಲೆ ನನ್ನ ಕೃಷ್ಣ ಸಿದ್ಧನಾದ. ಮೂರು ಗಾಜು ಒಡೆದಿದ್ದೆ. ಎರಡರಲ್ಲಿ ಕಣ್ಣು ಮೆಳ್ಳೆಯಾಗಿತ್ತು. ಅಷ್ಟಮಿಯ ದಿನ ಗೋಡೆಗೆ ಹಾಕಿ ದೂರ ನಿಂತು ನೋಡುತ್ತಿದ್ದಾಗ ನನ್ನ ಮನೆಯವರು ಬಂದರು. “ಏನ್ರೀ, ನಿಮ್ಮ ಕೃಷ್ಣ ಎಡಗೈಲಿ ಬೆಣ್ಣೆ ತಿಂತಿದಾನಲ್ಲ!” ಎಂದರು. ನಿಜ. ಮಾದರಿಯ ಕಾಗದವನ್ನು ಮಗುಚಿ ಗಾಜಿನಡಿ ಇಡಬೇಕಾದ್ದನ್ನು ಮರೆತಿದ್ದೆ. ಗುರುಗಳಿಗೆ ತೋರಿಸಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮಪ್ಪನ ಮೊದಲನೇ ಸರಸ್ವತೀನೂ ಎಡಗೈಲೇ ವೀಣೆ ಮೀಟೋಳು ಸ್ವಾಮಿ, ಇರಲಿ ಬಿಡಿ” ಎಂದರು.

ಇರಲಿ ಎಂದೇ ಬಿಟ್ಟಿದ್ದೇನೆ. ಅದರ ಪಕ್ಕದಲ್ಲಿ ಅಜ್ಜಿಯ ಗೆರೆಯ ಕೃಷ್ಣನೂ ಇದ್ದಾನೆ. ಅವನಿಗೆ ಬಣ್ಣ ತುಂಬಲು ಇಂದಿಗೂ ಕೈ ಬಂದಿಲ್ಲ. ಎರಡರ ಬೆನ್ನಿಗೂ ತೇಗದ ಹಲಗೆ ಹೊಡೆಸಿ, ಒದ್ದೆ ಬಟ್ಟೆ ತಾಗಿಸಬಾರದೆಂದು ಮೊಮ್ಮಕ್ಕಳಿಗೆ ಕಾಣುವಂತೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.